ಎರಡೂ ಕಡೆ ಒಂದೇ ಆದದ್ದು

ನಂಜನಗೂಡಿನಲ್ಲಿ ಕಾರು ಓಡಿಸಲು ಕಲಿತವರಲ್ಲಿ ಅರ್ಧದಷ್ಟು ಜನ ದೊರೆಸ್ವಾಮಿಯವರ ಪಕ್ಕದಲ್ಲಿ ಕೂತು ಕಲಿತವರು. ಇಪ್ಪತ್ತೆರಡು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದ ಆ ಮನುಷ್ಯ ಒಮ್ಮೆಯೂ ದನಿ ಏರಿಸಿದವರಲ್ಲ. ಕಲಿಯುವವರು ಗಾಬರಿಯಲ್ಲಿ ಎದುರಿನ ಬಸ್ಸಿನತ್ತಲೇ ಸ್ಟಿಯರಿಂಗ್ ತಿರುಗಿಸಿದರೂ ತಮ್ಮ ಕಾಲಬುಡದಲ್ಲಿದ್ದ ಎರಡನೆಯ ಬ್ರೇಕನ್ನು ಒತ್ತಿ, "ಪರವಾಗಿಲ್ಲ, ಇನ್ನೊಂದ್ಸಲ" ಎನ್ನುತ್ತಿದ್ದರು. ಮನೆಯಲ್ಲೂ ಅಷ್ಟೇ. ಜ್ವರ ಬಂದು ಮೈ ಸುಡುತ್ತಿದ್ದಾಗ ಹೆಂಡತಿ ಜಯಶೀಲ ಹೇಗಿದ್ದೀರಿ ಎಂದು ಕೇಳಿದರೆ, ನೊಣ ಓಡಿಸುವವರ ಹಾಗೆ ಕೈಯಾಡಿಸಿ ಸುಮ್ಮನಾಗುತ್ತಿದ್ದರು.

ನಲವತ್ತೆಂಟನೆಯ ವಯಸ್ಸಿನಲ್ಲಿ, ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಕುಸಿದುಬಿದ್ದರು. ಮಿದುಳಿನ ಬುಡದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಪ್ರಾಣ ಉಳಿಯಿತು. ಕೈ, ಕಾಲು, ನಾಲಗೆ, ಕೊನೆಗೆ ಕಣ್ಣಿನ ರೆಪ್ಪೆ ಕೂಡ ನಿಂತುಹೋದವು. ಅವರಿಗೆ ಎಲ್ಲ ಕೇಳಿಸುತ್ತದೆ, ತಿಳಿಯುತ್ತದೆ ಎಂಬುದು ಆಸ್ಪತ್ರೆಯ ಸ್ಕ್ಯಾನಿನಿಂದ ಮಾತ್ರ ಗೊತ್ತಾಯಿತು.

ಏಳು ತಿಂಗಳ ಮೇಲೆ ಮೈಸೂರಿನ ಒಂದು ಸಂಶೋಧನಾಲಯದವರು ಅವರಿಗೆ ನುಡಿಪಟ್ಟಿ ಕಟ್ಟಿದರು. ಆಗ ಕರ್ನಾಟಕದಲ್ಲಿ ಅಂಥ ಪಟ್ಟಿ ಕಟ್ಟಿಸಿಕೊಂಡವರು ನಲವತ್ತೆರಡೇ ಜನ. ಹಣೆಯ ಸುತ್ತ ಬರುವ ಮೆತ್ತನೆಯ ಪಟ್ಟಿ. ಒಳಗೆ ಎಡಕ್ಕೊಂದು ಬಲಕ್ಕೊಂದು ತೆಳು ಲೋಹದ ಬಿಲ್ಲೆ. ಮಂಚದ ಪಕ್ಕದಲ್ಲಿ ಒಂದು ಪರದೆ. ಮನಸ್ಸಿನಲ್ಲಿ ಒಂದು ಪದವನ್ನು ಆಡಲು ಹೊರಟರೆ ಅದು ಪರದೆಯ ಮೇಲೆ ಮೂಡುತ್ತಿತ್ತು.

ಆ ಪಟ್ಟಿಯ ಉಸ್ತುವಾರಿ ಮೇದಿನಿ ಎಂಬ ಎಂಜಿನಿಯರಳದು. ಮೊದಲ ದಿನ ಜಯಶೀಲ ಅವಳನ್ನು ಕೇಳಿದ್ದಳು: "ಮನೇಲಿ ಟಿ.ವಿ., ಮಿಕ್ಸಿ, ಮೋಟ್ರು ಎಲ್ಲಾ ಓಡ್ತಿರ್ತದೆ ಮೇಡಮ್. ಆ ಕರೆಂಟ್ ಇದಕ್ಕೆ ತೊಂದ್ರೆ ಕೊಡಲ್ವಾ?"

"ಕೊಡುತ್ತೆ. ತಲೆಯೊಳಗಿಂದ ಬರೋ ಕರೆಂಟಿಗಿಂತ ಗೋಡೆಯ ವೈರಿಂದ ನಮ್ಮ ಮೈಗೆ ಹತ್ತೋದು ಸಾವಿರಾರು ಪಟ್ಟು ಜಾಸ್ತಿ," ಎಂದಿದ್ದಳು ಮೇದಿನಿ. "ಅದಕ್ಕೇ ಎರಡು ಬಿಲ್ಲೆ. ಇಬ್ಬರು ಒಂದೇ ಬಸ್ಸಲ್ಲಿ ಕೂತಿದ್ದಾರೆ ಅಂದ್ಕೊಳ್ಳಿ. ಬಸ್ಸು ಕುಲುಕಿದರೆ ಇಬ್ಬರೂ ಒಟ್ಟಿಗೇ ಕುಲುಕ್ತಾರೆ. ಒಬ್ಬರು ಮಾತ್ರ ತಲೆಯಾಡಿಸಿದರೆ ಅದು ಅವರೇ ಆಡಿಸಿದ್ದು. ನಮ್ಮ ಯಂತ್ರ ಒಂದು ಕಡೆಯದರಿಂದ ಇನ್ನೊಂದು ಕಡೆಯದನ್ನ ಕಳೆದುಬಿಡುತ್ತೆ. ಎರಡೂ ಕಡೆ ಒಂದೇ ಆಗಿರೋದು ಗದ್ದಲ, ಅದು ಹೋಯ್ತು. ಬೇರೆ ಬೇರೆ ಆಗಿರೋದು ಮಾತು, ಅದು ಉಳೀತು."

"ಚೆನ್ನಾಗೈತೆ," ಎಂದು ಜಯಶೀಲ ನಕ್ಕಿದ್ದಳು. ಅವಳು ನಕ್ಕು ಏಳು ತಿಂಗಳಾಗಿತ್ತು.

ಪದಗಳನ್ನು ಕಲಿಸಲು ಆರು ವಾರ ಹಿಡಿಯಿತು. ಒಂದೊಂದು ಪದವನ್ನೂ ದೊರೆಸ್ವಾಮಿ ನೂರಾರು ಸಲ ಮನಸ್ಸಿನಲ್ಲೇ ಆಡಬೇಕು, ಯಂತ್ರ ಅದರ ಗುರುತು ಹಿಡಿಯಬೇಕು. ಎಂಬತ್ತು ಪದಗಳಿಂದ ಶುರು ಮಾಡಿ ಅರವತ್ತಮೂರನ್ನು ಉಳಿಸಿಕೊಂಡರು. ನೀರು, ಫ್ಯಾನು, ತಿರುಗಿಸು, ಸಾಕು, ಬೇಡ, ಹೌದು, ಬೆಳಿಗ್ಗೆ, ಸಂಜೆ, ಹೇಳು. ಹೆಂಡತಿಯ ಹೆಸರು, ಮಗಳು ಸಿಂಚನಾಳ ಹೆಸರು. ಯಂತ್ರಕ್ಕೆ ಎಷ್ಟು ಕಲಿಸಿದರೂ ಗುರುತು ಸಿಗದ ಹದಿನೇಳು ಪದಗಳನ್ನು ಕೈಬಿಟ್ಟರು. ಅವುಗಳಲ್ಲಿ ನೋವು ಒಂದು, ಭಯ ಒಂದು. ಆ ಜಾಗದಲ್ಲಿ ಜಯಶೀಲಳ ಆಸೆಯಂತೆ ಅವರ ಕಸುಬಿನ ಎರಡು ಪದ ಸೇರಿಸಿದರು: ಕ್ಲಚ್, ಬ್ರೇಕ್.

ಆಮೇಲಿನ ಹದಿನಾಲ್ಕು ತಿಂಗಳು ಆ ಮನೆಯಲ್ಲಿ ಮತ್ತೆ ಮಾತಿತ್ತು. ಕಾಲೇಜಿನಿಂದ ಬಂದ ಸಿಂಚನಾ ಬ್ಯಾಗು ಬಿಸಾಕಿ ಮೊದಲು ಅಪ್ಪನ ಮಂಚದ ಹತ್ತಿರ ಹೋಗುತ್ತಿದ್ದಳು. ಪರದೆಯ ಮೇಲೆ 'ಸಿಂಚನಾ' ಎಂದು ಮೂಡುತ್ತಿತ್ತು, ಆಮೇಲೆ 'ಹೇಳು' ಎಂದು. ಅವಳು ಆ ದಿನದ ಕಥೆಯನ್ನೆಲ್ಲ ಹೇಳುತ್ತಿದ್ದಳು. ತಿಂಗಳಿಗೊಮ್ಮೆ ಮೇದಿನಿ ಬಂದು ಪಟ್ಟಿಯನ್ನು ಪರೀಕ್ಷಿಸಿ ಹೋಗುತ್ತಿದ್ದಳು. ಡಾಕ್ಟರು ಬಂದಾಗ ತಪ್ಪದೆ ಕೇಳುತ್ತಿದ್ದರು: "ಎಲ್ಲಾದರೂ ನೋವಿದೆಯಾ ದೊರೆಸ್ವಾಮಿ?" ಪರದೆಯ ಮೇಲೆ ಏನೂ ಬರುತ್ತಿರಲಿಲ್ಲ. "ಅವ್ರು ಹಂಗೆಲ್ಲ ಹೇಳ್ಕೊಳ್ಳೋರಲ್ಲ ಸಾರ್," ಎಂದು ಜಯಶೀಲ ಹೆಮ್ಮೆಯಿಂದಲೇ ಹೇಳುತ್ತಿದ್ದಳು. ಡಾಕ್ಟರು 'ದೂರುಗಳಿಲ್ಲ' ಎಂದು ಬರೆದುಕೊಳ್ಳುತ್ತಿದ್ದರು.

ಹದಿನೈದನೆಯ ತಿಂಗಳು ಮೇದಿನಿ ಬಂದದ್ದು ಒಂದು ಗುರುವಾರ ಮಧ್ಯಾಹ್ನ. ಎಡಗಡೆಯ ಬಿಲ್ಲೆ ಚರ್ಮಕ್ಕೆ ಸರಿಯಾಗಿ ಕೂತಿಲ್ಲವೇನೋ ಎಂದು ಅವಳಿಗೆ ಅನುಮಾನ. ಅದನ್ನು ನೋಡಲು ನುಡಿಪಟ್ಟಿಯ ಯಂತ್ರವಿದ್ದ ಪೆಟ್ಟಿಗೆಯ ಹಿಂಬದಿ ಬಿಚ್ಚಿ ಎರಡು ಬಿಲ್ಲೆಗಳ ಸರಾಸರಿ ಸಿಗುವ ತಂತಿಗೆ ತನ್ನ ಲ್ಯಾಪ್‌ಟಾಪ್ ಜೋಡಿಸಿದಳು. ಯಂತ್ರ ಕಳೆದು ಎಸೆಯುವುದೆಲ್ಲ ಇರುವುದು ಅಲ್ಲಿಯೇ. ಯಾರೂ ಅದನ್ನು ನೋಡುವುದಿಲ್ಲ, ಉಳಿಸಿಕೊಳ್ಳುವುದೂ ಇಲ್ಲ. ತೆರೆಯ ಮೇಲೆ ನಿರೀಕ್ಷಿಸಿದ್ದೇ ಕಾಣಿಸಿತು: ಗೋಡೆಯ ಕರೆಂಟಿನ ದಪ್ಪ ಪಟ್ಟೆ, ಸೆಕೆಂಡಿಗೆ ಐವತ್ತು ಸಲ ಏರಿ ಇಳಿಯುತ್ತ ಮಿಕ್ಕಿದ್ದನ್ನೆಲ್ಲ ಮುಚ್ಚಿಹಾಕಿತ್ತು.

ಅಷ್ಟರಲ್ಲಿ ಕರೆಂಟ್ ಹೋಯಿತು.

ಫ್ಯಾನು ನಿಧಾನವಾಗಿ ನಿಂತಿತು. ನುಡಿಪಟ್ಟಿಗೆ ಬ್ಯಾಟರಿ ಇದ್ದುದರಿಂದ ಅದು ನಡೆಯುತ್ತಲೇ ಇತ್ತು. ಲ್ಯಾಪ್‌ಟಾಪಿನ ತೆರೆಯ ಮೇಲಿನ ದಪ್ಪ ಪಟ್ಟೆ ಮಾಯವಾಗಿ ಅದರಡಿಯಲ್ಲಿದ್ದದ್ದು ಕಾಣಿಸಿತು. ಅದು ನೇರ ಗೆರೆಯಾಗಿರಬೇಕಿತ್ತು. ಆಗಿರಲಿಲ್ಲ. ಒಂದು ಅಲೆ ನಿಧಾನವಾಗಿ ಏರುತ್ತ ಇಳಿಯುತ್ತ ಇತ್ತು, ಪೂರ್ತಿ ಇಳಿಯುತ್ತಲೇ ಇರಲಿಲ್ಲ. ಬಿಲ್ಲೆಯ ತೊಂದರೆಯೇ ಇರಬೇಕೆಂದು ಮೇದಿನಿ ಎರಡನ್ನೂ ಒತ್ತಿ ನೋಡಿದಳು. ಎರಡೂ ಸರಿಯಾಗಿದ್ದವು.

"ಕರೆಂಟ್ ಬರೋಷ್ಟ್ರಲ್ಲಿ ಇವರ ಬೆನ್ನು ಒರೆಸ್ಬಿಡ್ತೀನಿ ಮೇಡಮ್," ಎಂದು ಜಯಶೀಲ ಬಿಸಿನೀರಿನ ಬೋಗುಣಿ ತಂದು ಗಂಡನ ಭುಜದಡಿ ಕೈ ತೂರಿಸಿದಳು. ಅವಳ ಕೈ ತಗುಲುತ್ತಿದ್ದ ಹಾಗೆ ಪರದೆಯ ಮೇಲೆ 'ಬ್ರೇಕ್' ಎಂದು ಮೂಡಿತು.

ಜಯಶೀಲ ನಕ್ಕುಬಿಟ್ಟಳು. "ನೋಡಿ, ಶುರು ಮಾಡ್ಕಂಡ್ರು. ದಿನಾ ಇದೇ. ನಾನು ತಿರುಗ್ಸೋಕೆ ಹೋದ್ರೆ ಸಾಕು, ನಂಗೂ ಡ್ರೈವಿಂಗ್ ಹೇಳ್ಕೊಡ್ತಾರೆ. ಆಯ್ತು ಕಣ್ರೀ, ನಿಧಾನುಕ್ಕೇ ತಿರುಗ್ಸ್ತೀನಿ." ಅವಳು ಅವರನ್ನು ಎಡಮಗ್ಗುಲಿಗೆ ತಿರುಗಿಸಿದಳು.

ಮೇದಿನಿ ಲ್ಯಾಪ್‌ಟಾಪ್ ನೋಡುತ್ತಿದ್ದಳು. ಅಲೆ ಗುಡ್ಡದಂತೆ ಏರಿ ತೆರೆಯ ಮೇಲಂಚು ದಾಟಿಹೋಯಿತು. ಎಡ ಬಲ ಎರಡೂ ಕಡೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಮಂಚದ ಪಕ್ಕದ ಪರದೆ ಖಾಲಿಯಾಗಿತ್ತು.

"ಜಯಶೀಲ ಅವರೇ, ಒಂದ್ನಿಮಿಷ. ಅವರನ್ನ ಮೊದಲಿನ ಹಾಗೇ ಮಲಗಿಸಿ."

"ಯಾಕೆ ಮೇಡಮ್?"

"ಮಲಗಿಸಿ, ಹೇಳ್ತೀನಿ."

ಮಲಗಿಸಿದ ಮೇಲೆ ಅಲೆ ಇಳಿಯಲು ನಾಲ್ಕು ನಿಮಿಷ ಹಿಡಿಯಿತು. ಮೇದಿನಿ ಅವರ ಮುಖ ನೋಡಿದಳು. ಮುಖದಲ್ಲಿ ಏನೂ ಇರಲಿಲ್ಲ. ಆ ಮುಖದಲ್ಲಿ ಏನಾದರೂ ಇರಲು ಸಾಧ್ಯವೂ ಇರಲಿಲ್ಲ. ಅವಳು ಬಗ್ಗಿ ಮೆಲ್ಲಗೆ ಕೇಳಿದಳು: "ಸಾರ್, ನಿಮಗೆ ನೋವಾಗ್ತಿದೆಯಾ?"

ಪರದೆ ಖಾಲಿ. ಆದರೆ ಲ್ಯಾಪ್‌ಟಾಪಿನಲ್ಲಿ ಅಲೆ ಮತ್ತೆ ತೆರೆಯ ಅಂಚಿನವರೆಗೆ ಎದ್ದಿತು.

ಜಯಶೀಲಳಿಗೆ ಆ ದಿನ ಅವಳು ಏನನ್ನೂ ಹೇಳಲಿಲ್ಲ. ಖಚಿತವಾಗದೆ ಹೇಳುವುದು ಹೇಗೆ? ಪರೀಕ್ಷೆ ಮಾಡಬೇಕು, ಅಲ್ಲಿಯವರೆಗೆ ಎಡಮಗ್ಗುಲಿಗೆ ತಿರುಗಿಸಬೇಡಿ ಎಂದಷ್ಟೇ ಹೇಳಿ ಮೈಸೂರಿಗೆ ಹೊರಟಳು.

ಪ್ರಯೋಗಾಲಯದಲ್ಲಿ ಹದಿನಾಲ್ಕು ತಿಂಗಳ ದಾಖಲೆ ಇತ್ತು. ಕಳೆದು ಎಸೆದ ಅಲೆ ಅದರಲ್ಲಿರಲಿಲ್ಲ. ಆದರೆ ಒಂದು ಸಣ್ಣ ಗುರುತು ಇತ್ತು. ಮಂಚ ಅಲುಗಾಡಿದಾಗಲೋ ಪಟ್ಟಿ ಜಾರಿದಾಗಲೋ ಎರಡೂ ಬಿಲ್ಲೆಗಳಲ್ಲಿ ಒಟ್ಟಿಗೆ ಒಂದು ಮಿತಿ ದಾಟಿದ ಏರಿಳಿತ ಬಂದರೆ, ಅಷ್ಟು ಹೊತ್ತಿನದನ್ನೆಲ್ಲ ಗದ್ದಲವೆಂದು ಬಿಟ್ಟುಬಿಡುವಂತೆ ಯಂತ್ರಕ್ಕೆ ಹೇಳಿದ್ದರು. ಹಾಗೆ ಬಿಟ್ಟ ಪ್ರತಿ ಸಲವೂ ಅದು ಸಮಯ ಬರೆದಿಡುತ್ತಿತ್ತು. ಮೊದಲ ತಿಂಗಳು ದಿನಕ್ಕೆ ಹತ್ತು ಹನ್ನೆರಡು ಗುರುತು. ಈಗ ದಿನಕ್ಕೆ ನೂರ ನಲವತ್ತು. ಡಾಕ್ಟರು ನೋವಿನ ಬಗ್ಗೆ ಕೇಳಿದ ಪ್ರತಿ ದಿನ, ಅವರು ಕೇಳಿದ ಹೊತ್ತಿಗೆ ಸರಿಯಾಗಿ, ಒಂದು ಗುರುತು.

ಮೇದಿನಿ ಅದನ್ನು ಡಾ. ಇಮ್ತಿಯಾಜರ ಮುಂದಿಟ್ಟಳು. ನುಡಿಪಟ್ಟಿಯ ಆಂಪ್ಲಿಫಯರನ್ನು ರೂಪಿಸಿದವರು ಅವರೇ. ಎರಡೂ ಕಡೆ ಸಮನಾಗಿ ಬಂದದ್ದರಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲೂ ಒಳಗೆ ಬರದಂತೆ ತಡೆದದ್ದು ಅವರ ಒಂಬತ್ತು ವರ್ಷದ ದುಡಿಮೆ.

ಅವರು ಬಹಳ ಹೊತ್ತು ಗುರುತುಗಳನ್ನು ನೋಡಿದರು. "ಇದು ನೋವೇ ಅಂತ ಹೇಗೆ ಹೇಳ್ತೀರಿ ಮೇದಿನಿ?"

"ಮಾತು ಮಿದುಳಿನ ಒಂದು ಕಡೆ ಹುಟ್ಟುತ್ತೆ ಸರ್, ಅದಕ್ಕೇ ನಮಗೆ ಸಿಗುತ್ತೆ. ಇದು ಇಡೀ ತಲೆ ತುಂಬ ಒಂದೇ ಸಮ ಏಳ್ತಿದೆ. ನೋವು ಅನ್ನೋ ಪದ ನಮಗೆ ಯಾಕೆ ಕಲಿಸೋಕಾಗ್ಲಿಲ್ಲ, ಯೋಚನೆ ಮಾಡಿ. ಆ ಪದ ನೆನೆಸಿದ ತಕ್ಷಣ ಅವರಿಗೆ ನೋವೇ ನೆನಪಾಗ್ತಿತ್ತು. ಎರಡೂ ಕಡೆ ಏಳ್ತಿತ್ತು. ನಾವು ಕಳೀತಿದ್ವಿ."

"ಬ್ರೇಕ್ ಅಂತಾರೆ ಅಂದ್ರಲ್ಲ?"

"ಅದು ನೋವು ಏರೋದಕ್ಕೆ ಮುಂಚೆ ಸರ್. ಹೆಂಡತಿ ಕೈ ಹಾಕಿದ್ದಕ್ಕೂ ನೋವು ಮಿತಿ ದಾಟೋದಕ್ಕೂ ಮಧ್ಯೆ ಅರ್ಧ ಸೆಕೆಂಡ್ ಸಿಗುತ್ತೆ. ಅದರಲ್ಲಿ ಹೇಳೋಕಾಗೋದು ಒಂದೇ ಪದ. ಅವರು ಅದನ್ನ ಕಂಡ್ಕೊಂಡಿದ್ದಾರೆ." ಅವಳು ಗುರುತುಗಳ ಹಾಳೆಯನ್ನು ಅವರತ್ತ ಸರಿಸಿದಳು. "ಒಂದು ವರ್ಷದಿಂದ ಹೇಳ್ತಿದ್ದಾರೆ. ಮನೆಯವರು ತಮಾಷೆ ಅಂದ್ಕೊಂಡಿದ್ದಾರೆ."

ಇಮ್ತಿಯಾಜ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, "ನಾಳೆಯೇ ಕರೆತನ್ನಿ," ಎಂದರು.

ಆಸ್ಪತ್ರೆಯಲ್ಲಿ ಮೂರು ದಿನ ಪರೀಕ್ಷೆ ನಡೆಯಿತು. ಸೊಂಟ, ಬೆನ್ನು, ಮೂತ್ರಕೋಶ, ಯಾವುದರಲ್ಲೂ ದೋಷ ಸಿಗಲಿಲ್ಲ. ಕೊನೆಗೆ ನರರೋಗದ ಡಾಕ್ಟರು ವಿವರಿಸಿದರು: ನೋವು ಮೈಯಲ್ಲಿಲ್ಲ. ರಕ್ತ ಹೆಪ್ಪುಗಟ್ಟಿ ಕೆಟ್ಟುಹೋದ ಮಿದುಳಿನ ಭಾಗವೇ ನೋವನ್ನು ಹುಟ್ಟಿಸುತ್ತಿದೆ. ಮುಟ್ಟಿದರೆ, ತಿರುಗಿಸಿದರೆ, ತಣ್ಣನೆ ಗಾಳಿ ಸೋಕಿದರೂ ಸುಟ್ಟ ಹಾಗಾಗುತ್ತದೆ. ಅದಕ್ಕೆ ಇಂಥದ್ದೇ ಜಾಗ ಅಂತ ಇಲ್ಲ, ಕತ್ತರಿಸಿ ತೆಗೆಯಲು ಏನೂ ಇಲ್ಲ. ಸಾಮಾನ್ಯ ಗುಳಿಗೆಗಳು ಒಂದೂ ನಾಟಲಿಲ್ಲ. ನಾಲ್ಕನೆಯ ದಿನ ಬಲವಾದ ಔಷಧವೊಂದನ್ನು ಕೊಟ್ಟು ನೋಡಿದರು. ಇಪ್ಪತ್ತು ನಿಮಿಷದಲ್ಲಿ ಅಲೆ ಇಳಿದು ನೆಲಕ್ಕಂಟಿತು. ಮೇದಿನಿ ಉಸಿರು ಬಿಟ್ಟಳು. ಆಮೇಲೆ ಇನ್ನೊಂದು ತೆರೆ ನೋಡಿದಳು. ಎಡ ಬಲಗಳ ವ್ಯತ್ಯಾಸವೂ ಇಳಿದುಹೋಗಿತ್ತು. ಎಷ್ಟು ಕರೆದರೂ ದೊರೆಸ್ವಾಮಿಯಿಂದ ಒಂದು ಪದವೂ ಬರಲಿಲ್ಲ. ಔಷಧ ಎಂಟು ಗಂಟೆ ನಿಂತಿತು, ಅಷ್ಟು ಹೊತ್ತೂ ಹಾಗೆಯೇ. ಪ್ರಮಾಣ ಕಡಿಮೆ ಮಾಡಿದರೆ ಮಾತು ಬರುವ ಮೊದಲೇ ನೋವು ಬಂದಿರುತ್ತಿತ್ತು.

ಇದನ್ನೆಲ್ಲ ಜಯಶೀಲಳಿಗೆ ಹೇಳುವ ಕೆಲಸ ಮೇದಿನಿಯದಾಯಿತು. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು, ಮೊದಲಿಂದ ಕಡೆಯವರೆಗೆ, ಯಾವುದನ್ನೂ ಮುಚ್ಚಿಡದೆ ಹೇಳಿದಳು. ಜಯಶೀಲ ಅಳಲಿಲ್ಲ. ತನ್ನ ಎರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು.

"ದಿನಕ್ಕೆ ಆರು ಸಲ ತಿರುಗ್ಸ್ತಿದ್ದೆ," ಎಂದಳು. "ಹಾಸಿಗೆ ಹುಣ್ಣಾಗ್ಬಾರ್ದು ಅಂತ. ಎಲ್ರೂ ಹೊಗಳೋರು, ಒಂದು ಹುಣ್ಣೂ ಇಲ್ಲ ಅಂತ." ಅಂಗೈಗಳನ್ನು ಮಗುಚಿ, "ನಾನು ನಗ್ತಿದ್ನಲ್ಲ ಮೇಡಮ್," ಎಂದಳು.

ಮೇದಿನಿ ನೀರಿನ ಬಾಟಲಿ ಚಾಚಿದಳು. ಜಯಶೀಲ ಅದನ್ನು ಪಕ್ಕಕ್ಕಿಟ್ಟಳು.

"ನಿಮ್ದು ತಪ್ಪು ಅಂತ ಬೈಯ್ಯಣಾ ಅನ್ಸ್ತದೆ. ಆದ್ರೆ ಹದ್ನಾಕು ತಿಂಗ್ಳು ಅವರ ಪಕ್ಕ ಇದ್ದೋಳು ನಾನು. ನೀವಲ್ಲ."

ಮೇದಿನಿ ಯಂತ್ರದ ಮಿತಿಯನ್ನು ಏರಿಸಿದಳು. ಈಗ ನೋವಿನ ನಡುವೆಯೂ ಒಂದೆರಡು ಪದ ಹಿಡಿಯಬಹುದಿತ್ತು. ಐದನೆಯ ದಿನ ಬೆಳಿಗ್ಗೆ, ಔಷಧ ಇಳಿದ ಮೇಲೆ, ದೊರೆಸ್ವಾಮಿಯನ್ನೇ ಕೇಳಿದರು. ಜಯಶೀಲ ಅವರ ಕಿವಿಯ ಹತ್ತಿರ ಬಗ್ಗಿದಳು. ಮುಟ್ಟಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ರೀ, ನಮ್ಗೆ ಈಗ ಗೊತ್ತಾಯ್ತು. ಎಲ್ಲಾ ಗೊತ್ತಾಯ್ತು. ಔಷಧಿ ಕೊಟ್ರೆ ನೋವಿರಲ್ಲ, ಆದ್ರೆ ಮಾತಾಡಕ್ಕಾಗಲ್ಲ. ಕೊಡ್ಲೇನ್ರೀ?"

ಅಲೆ ಎದ್ದಿತು. ಬಹಳ ಹೊತ್ತಿನ ಮೇಲೆ ಪರದೆಯ ಮೇಲೆ 'ಹೌದು' ಎಂದು ಬಂತು. ಜಯಶೀಲ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಷ್ಟರಲ್ಲಿ ಇನ್ನೊಂದು ಪದ ಬಂತು: 'ಸಂಜೆ'. ಮತ್ತೆ ಇನ್ನೊಂದು: 'ಸಿಂಚನಾ'.

ಅವರು ಕೇಳಿದ್ದನ್ನು ಎಲ್ಲರೂ ಅರ್ಥ ಮಾಡಿಕೊಂಡರು. ಇಡೀ ದಿನ ಔಷಧ ಕೊಡಬೇಕು, ಸಂಜೆ ಒಂದು ಗಂಟೆ ಬಿಡಬೇಕು. ಮಗಳು ಕಾಲೇಜಿನಿಂದ ಬರುವ ಹೊತ್ತು.

ಅವರನ್ನು ಮನೆಗೆ ಕಳಿಸಿದ ದಿನ ಡಾ. ಇಮ್ತಿಯಾಜ್ ಮಿಕ್ಕ ನಲವತ್ತೊಂದು ಜನರ ದಾಖಲೆಗಳನ್ನು ತೆರೆಸಿದರು. ಇಪ್ಪತ್ತಾರು ಜನರಲ್ಲಿ ಗುರುತುಗಳು ತುಂಬಿದ್ದವು. ಆದರೆ ಗುರುತು ಗುರುತಷ್ಟೇ. ಅದು ನೋವೋ ಭಯವೋ ನಿಜವಾಗಿಯೂ ಅಲುಗಾಡಿದ ಮಂಚವೋ, ಎಸೆದದ್ದನ್ನು ಮತ್ತೆ ಹುಡುಕಿ ತರಲು ದಾರಿಯಿರಲಿಲ್ಲ.

"ಎಲ್ಲರಿಗೂ ಫೋನ್ ಮಾಡಬೇಕು," ಎಂದಳು ಮೇದಿನಿ.

"ಮಾಡಿ ಏನು ಹೇಳ್ತೀರಿ?"

"ಗೊತ್ತಿಲ್ಲ ಸರ್."

ಇಮ್ತಿಯಾಜ್ ಹೆಸರುಗಳ ಯಾದಿಯನ್ನು ಎರಡು ಭಾಗ ಮಾಡಿ ಅರ್ಧವನ್ನು ತಾವು ಇಟ್ಟುಕೊಂಡರು. "ಗಂಗಾವತಿಯಲ್ಲಿರೋರಿಂದ ನಾನು ಶುರು ಮಾಡ್ತೀನಿ," ಎಂದು ಫೋನ್ ಎತ್ತಿಕೊಂಡರು. ಅವರ ಬೆರಳು ನಂಬರಿನ ಮೇಲೆ ತುಂಬ ಹೊತ್ತು ನಿಂತಿತ್ತು.

ನಂಜನಗೂಡಿನ ಮನೆಯಲ್ಲಿ ಸಂಜೆಯ ಗಂಟೆ ಶುರುವಾಯಿತು. ನಾಲ್ಕೂವರೆಗೆ ಔಷಧದ ಬಲ ಕುಗ್ಗುತ್ತಿತ್ತು. ಐದಕ್ಕೆ ಮೊದಲ ಪದ ಬರುತ್ತಿತ್ತು, ಆರಕ್ಕೆ ಜಯಶೀಲ ಆಹಾರ ಕೊಡುವ ಹೊಟ್ಟೆಯ ಟ್ಯೂಬಿನೊಳಗೆ ಮುಂದಿನ ಸರದಿಯ ಔಷಧ ಬಿಡುತ್ತಿದ್ದಳು. ಮೇದಿನಿ ಈಗ ಮಂಚದ ಪಕ್ಕ ಎರಡನೆಯ ಪರದೆಯನ್ನೂ ಇಟ್ಟುಹೋಗಿದ್ದಳು. ಒಂದರಲ್ಲಿ ಪದ, ಇನ್ನೊಂದರಲ್ಲಿ ಅಲೆ. ಸಿಂಚನಾ ಪದದ ಪರದೆಯ ಕಡೆಗೇ ಮುಖ ಮಾಡಿ ಕೂರುತ್ತಿದ್ದಳು. ಹದಿನೇಳು ವರ್ಷದ ಹುಡುಗಿ; ಒಂದು ಗಂಟೆಯೊಳಗೆ ಇಡೀ ದಿನವನ್ನು ಹೇಳಿ ಮುಗಿಸಬೇಕೆಂದು ಉಸಿರು ಬಿಡದೆ ಮಾತಾಡುತ್ತಿದ್ದಳು. ಅಲೆಯ ಕಡೆ ನೋಡುತ್ತಿರುವುದು ಜಯಶೀಲಳ ಪಾಲಿಗೆ ಬಂತು. ಮಗಳ ಮಾತು ಮುಂದುವರಿದಂತೆ ಅದು ಏರುವುದನ್ನು ಅವಳು ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಯಾರಿಗೂ ಏನೂ ಹೇಳುತ್ತಿರಲಿಲ್ಲ. ಗಡಿಯಾರ ಮಾತ್ರ ಪದೇ ಪದೇ ನೋಡುತ್ತಿದ್ದಳು.

ಹನ್ನೊಂದನೆಯ ದಿನ ಸಿಂಚನಾ ಬಸ್ಸಿನಲ್ಲಿ ನಡೆದ ಜಗಳದ ಕಥೆ ಹೇಳುತ್ತಿದ್ದಳು. ಅವಳ ಗೆಳತಿ ನಫೀಸಾ ಕಿಟಕಿ ಪಕ್ಕ ಇಟ್ಟಿದ್ದ ಕರ್ಚೀಫನ್ನು ಯಾರೋ ಹೆಂಗಸು ತೆಗೆದು ಕೆಳಗೆ ಹಾಕಿ ತಾನೇ ಕೂತುಬಿಟ್ಟಿದ್ದಳು. "ಆಮೇಲೆ ಏನಾಯ್ತು ಗೊತ್ತಾ ಅಪ್ಪಾಜಿ?" ಎನ್ನುತ್ತ ಸಿಂಚನಾ ನಗುತ್ತ ಹಿಂದಕ್ಕೆ ಒರಗಿದಳು. ಒರಗಿದಾಗ ಎರಡನೆಯ ಪರದೆ ಕಣ್ಣಿಗೆ ಬಿತ್ತು. ಗೆರೆ ಮೇಲಂಚಿಗೆ ತಗುಲಿ ಅಲ್ಲೇ ನಿಂತಿತ್ತು.

ಅವಳ ನಗು ನಿಂತಿತು. "ಅಮ್ಮಾ, ಇದು ದಿನಾ ಇಷ್ಟು ಮೇಲಿರುತ್ತಾ?"

ಜಯಶೀಲ ಗಡಿಯಾರದತ್ತ ತಿರುಗಿದಳು.

"ಔಷಧಿ ಕೊಡು."

"ಇನ್ನೂ ಇಪ್ಪತ್ತೈದು ನಿಮ್ಷ ಐತೆ ಕಣೆ."

"ಬೇಡಮ್ಮಾ, ಕೊಟ್ಬಿಡು. ಈಗ್ಲೇ ಕೊಡು."

ಪದದ ಪರದೆಯ ಮೇಲೆ ಅಕ್ಷರ ಮೂಡಿತು: 'ಬೇಡ'.

ಇಬ್ಬರೂ ಅದರತ್ತ ತಿರುಗಿದರು. ಅರ್ಧ ನಿಮಿಷದ ಮೇಲೆ ಇನ್ನೊಂದು ಪದ ಬಂತು: 'ಹೇಳು'.

ಸಿಂಚನಾ ಹೇಳಲು ಹೋದಳು. "ನಫೀಸಾ ಎದ್ದು ನಿಂತು..." ಎಂದಳು, ಮುಂದಕ್ಕೆ ಹೋಗಲಾಗಲಿಲ್ಲ. ಜಯಶೀಲ ಮಗಳ ಮುಖ ನೋಡಿದಳು, ಮೇಲಂಚಿನಲ್ಲಿ ನಿಂತ ಗೆರೆ ನೋಡಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಗಂಡ ಬೇಡ ಎಂದದ್ದನ್ನು ಅವಳು ಮಾಡಿದವಳಲ್ಲ. ಅವರು ಬೇಡ ಎಂದದ್ದೇ ಅಪರೂಪ. ಕಪಾಟಿನಿಂದ ಸಿರಿಂಜು ತೆಗೆದು ಔಷಧ ಎಳೆದುಕೊಂಡಳು. ಟ್ಯೂಬಿನ ಮುಚ್ಚಳ ಬಿಚ್ಚಿದಳು.

"ಕ್ಷಮ್ಸಿ ಕಣ್ರೀ," ಎಂದು ಔಷಧವನ್ನು ಒಳಗೆ ಬಿಟ್ಟಳು.

ಅದು ನಾಟಲು ಇಪ್ಪತ್ತು ನಿಮಿಷ ಬೇಕಿತ್ತು. 'ಹೇಳು' ಎಂಬ ಪದ ಪರದೆಯ ಮೇಲೆ ಮತ್ತೆ ಬಂತು. ಸಿಂಚನಾ ಕುರ್ಚಿಯನ್ನು ಮಂಚಕ್ಕೆ ಎಳೆದುಕೊಂಡು ಕಣ್ಣೊರೆಸಿಕೊಂಡು ಶುರು ಮಾಡಿದಳು. ನಫೀಸಾ ಎದ್ದು ನಿಂತದ್ದು, ಕಂಡಕ್ಟರು ಬಂದದ್ದು, ಹಿಂದಿನ ಸೀಟಿನ ತಾತ ಇಬ್ಬರಿಗೂ ಬುದ್ಧಿ ಹೇಳಲು ಹೋಗಿ ತಾನೇ ಬೈಸಿಕೊಂಡದ್ದು. ಮೊದಲ ಐದು ನಿಮಿಷದಲ್ಲಿ 'ಹೇಳು' ಮೂರು ಸಲ ಬಂತು. ಆಮೇಲೆ ಒಂದು ಸಲ. ಆಮೇಲೆ ಸಂಬಂಧವಿಲ್ಲದ ಎರಡು ಪದ ಮೂಡಿ ಅಳಿದುಹೋದವು. ಎರಡನೆಯ ಪರದೆಯ ಗೆರೆ ಸ್ವಲ್ಪ ಸ್ವಲ್ಪವೇ ಕೆಳಗಿಳಿಯುತ್ತಿತ್ತು.

ಎರಡೂ ಪರದೆಗಳು ಸ್ತಬ್ಧವಾದಾಗ ಕಥೆ ಇನ್ನೂ ಅರ್ಧದಲ್ಲಿತ್ತು.

"ಅಪ್ಪಾಜಿ, ಕೇಳಿಸ್ತಿದ್ಯಾ?" ಎಂದಳು ಸಿಂಚನಾ.

ಅವಳು ತಾಯಿಯ ಕಡೆ ತಿರುಗಿದಳು. ಜಯಶೀಲ ಖಾಲಿ ಸಿರಿಂಜನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡಿದ್ದಳು.

"ಹೇಳು ಮಗಳೇ," ಎಂದಳು. "ಕೇಳಿಸ್ತಿದ್ರೂ ಕೇಳಿಸ್ತಿರ್ಬೋದು."

ಸಿಂಚನಾ ಅಪ್ಪನ ಮುಖವನ್ನೇ ನೋಡುತ್ತ, ಆ ತಾತ ಯಾವ ಸ್ಟಾಪಿನಲ್ಲಿ ಇಳಿದ ಎನ್ನುವಲ್ಲಿಂದ ಕಥೆಯನ್ನು ಮುಂದುವರಿಸಿದಳು.